ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿಗೆ ಹೊರಟವರು ನಾಲ್ಕನೆಯ ವರ್ಷದ ಎಲೆಕ್ಟಿವ್‌ಗಳನ್ನು ಹೇಗೆ ಆರಿಸಿಕೊಳ್ಳಬೇಕು?

ಪ್ರಶ್ನೆ: ನಾನು ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿ ತಂದೆತಾಯಿಯೊಡನೆ ಅಮೆರಿಕಕ್ಕೆ ಬಂದವಳು. ಈಗ ಒಹಾಯೊ ರಾಜ್ಯದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೂರನೆಯ ವರ್ಷದಲ್ಲಿದ್ದೇನೆ. ಫ್ಯಾಮಿಲಿ ಮೆಡಿಸಿನ್‌ನಲ್ಲೇ ರೆಸಿಡೆನ್ಸಿ (ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಮಾಡಬೇಕೆಂದು ನಿರ್ಧರಿಸಿದ್ದೇನೆ. ನಾಲ್ಕನೆಯ ವರ್ಷದ ಎಲೆಕ್ಟಿವ್‌ಗಳ (ನಾವೇ ಆರಿಸಿಕೊಳ್ಳುವ ವಿಷಯಗಳ) ಪಟ್ಟಿಯನ್ನು ಇನ್ನೊಂದು ತಿಂಗಳಲ್ಲಿ ಕೊಡಬೇಕು. ಸಹಪಾಠಿಗಳು ಸಾಧ್ಯವಾದಷ್ಟೂ ಫ್ಯಾಮಿಲಿ ಮೆಡಿಸಿನ್ ರೊಟೇಶನ್‌ಗಳನ್ನೇ (ಒಂದು ವಿಭಾಗದಲ್ಲಿ ಕೆಲವು ವಾರ ಕೆಲಸ ಕಲಿಯುವುದು) ತೆಗೆದುಕೋ ಎನ್ನುತ್ತಾರೆ. ನಮ್ಮ ಸಲಹೆಗಾರರು ಹೃದ್ರೋಗ, ಮೂತ್ರಪಿಂಡ, ಐಸಿಯು ಮುಂತಾದ 'ಭಾರವಾದ' ವಿಷಯಗಳನ್ನು ಸೂಚಿಸಿದ್ದಾರೆ. ಸ್ಪರ್ಧೆಯಲ್ಲಿ ಹಿಂದೆ ಬೀಳದಂತೆ ಯಾವುದನ್ನು ಆರಿಸಲಿ? ಸರ್ಜರಿ ರೊಟೇಶನ್‌ನಲ್ಲಿ ನನ್ನ ಗ್ರೇಡ್ ಸಾಧಾರಣ. ಅದನ್ನು ಸರಿದೂಗಿಸಲು ಇನ್ನೊಂದು ಸರ್ಜರಿ ಎಲೆಕ್ಟಿವ್ ಬೇಕೇ? ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುತ್ತಿರುವ ನನ್ನ ಚಿಕ್ಕಪ್ಪನ ಮಗನೂ ಇದೇ ರೆಸಿಡೆನ್ಸಿಗೆ ಇಲ್ಲಿಗೆ ಬರಬೇಕೆಂದಿದ್ದಾನೆ. ಅವನಿಗೂ ಇದೇ ಸಲಹೆ ಸಲ್ಲುತ್ತದೆಯೇ?

ಉತ್ತರ: ಮೊದಲು ಆ ಸ್ಪರ್ಧೆ ಎಂಥದ್ದೆಂದು ನೋಡೋಣ. ಏಕೆಂದರೆ ಮೂಳೆ ಶಸ್ತ್ರಚಿಕಿತ್ಸೆಗೋ ಚರ್ಮರೋಗಕ್ಕೋ ಅರ್ಜಿ ಹಾಕುವವರ ಲೆಕ್ಕಾಚಾರವನ್ನು ಇಲ್ಲಿ ಹಾಗೆಯೇ ಅನ್ವಯಿಸಿದರೆ ಎಲೆಕ್ಟಿವ್‌ಗಳ ಆಯ್ಕೆ ಬುಡದಲ್ಲೇ ತಪ್ಪುತ್ತದೆ. 2024ರ ರೆಸಿಡೆನ್ಸಿ ಸೀಟು ಹಂಚಿಕೆ, ಅಂದರೆ ಮ್ಯಾಚ್‌ನಲ್ಲಿ ಫ್ಯಾಮಿಲಿ ಮೆಡಿಸಿನ್‌ಗೆ 5,231 ಸೀಟುಗಳಿದ್ದವು, ಅವುಗಳಲ್ಲಿ 636 ಖಾಲಿ ಉಳಿದವು. 2025ರಲ್ಲಿ ಸೀಟುಗಳು ಇನ್ನಷ್ಟು ಹೆಚ್ಚಿದವು, ಖಾಲಿ ಉಳಿದವುಗಳ ಸಂಖ್ಯೆಯೂ 800 ದಾಟಿತು. ಅಮೆರಿಕದ ಕಾಲೇಜಿನಲ್ಲಿ ಓದಿ, ಪರೀಕ್ಷೆಗಳನ್ನು ಮೊದಲ ಯತ್ನದಲ್ಲೇ ಪಾಸು ಮಾಡಿ, ವಿವೇಚನೆಯಿಂದ ಅರ್ಜಿ ಹಾಕಿದ ವಿದ್ಯಾರ್ಥಿನಿಗೆ 'ಎಲ್ಲಾದರೂ ಒಂದು ಸೀಟು ಸಿಕ್ಕೀತೇ' ಎಂಬ ಭಯಕ್ಕೆ ಹೆಚ್ಚು ಕಾರಣವಿಲ್ಲ. ನಿಜವಾದ ಪೈಪೋಟಿ ಇರುವುದು ನಿಮಗೆ ಬೇಕಾದ ಊರಿನಲ್ಲಿ, ಬೇಕಾದ ಬಗೆಯ ತರಬೇತಿ ಕೊಡುವ ಕಾರ್ಯಕ್ರಮಗಳಿಗೆ. ಹೆರಿಗೆ, ಆಸ್ಪತ್ರೆಯ ಒಳರೋಗಿಗಳು, ಸಣ್ಣಪುಟ್ಟ ಶಸ್ತ್ರಕ್ರಿಯೆಗಳು, ಎಲ್ಲವನ್ನೂ ಕಲಿಸುತ್ತದೆಂದು ಹೆಸರು ಮಾಡಿದ ಕಾರ್ಯಕ್ರಮದಲ್ಲಿ ವರ್ಷಕ್ಕೆ ಇರುವುದು ಎಂಟು ಹತ್ತು ಸೀಟು; ಅಲ್ಲಿಗೆ ಬರುವ ಅರ್ಜಿಗಳೋ ನೂರುಗಟ್ಟಲೆ.

ಹಾಗೆಂದು ಖಾಲಿ ಸೀಟುಗಳ ಸಂಖ್ಯೆಯನ್ನು ಕಂಡು ಮೈಮರೆಯುವಂತೆಯೂ ಇಲ್ಲ. ಒಳ್ಳೆಯ ಅಂಕಗಳಿದ್ದರೂ ಈ ಕೆಲಸದಲ್ಲಿ ಮನಸ್ಸಿಲ್ಲವೆಂದು ಕಂಡವರನ್ನು ಕಾರ್ಯಕ್ರಮಗಳು ರ‍್ಯಾಂಕ್ ಪಟ್ಟಿಯ ಕೆಳಗೆ ತಳ್ಳುತ್ತವೆ, ಕೆಲವೊಮ್ಮೆ ಪಟ್ಟಿಗೇ ಸೇರಿಸುವುದಿಲ್ಲ. ಬೇರೊಂದು ವಿಷಯ ಕೈತಪ್ಪಿದ್ದಕ್ಕೆ ಇಲ್ಲಿಗೆ ಬಂದವರು ಒಂದು ವರ್ಷ ಕಳೆದು ಬಿಟ್ಟುಹೋದರೆ, ಅವರ ಪಾಲಿನ ರೋಗಿಗಳು ಮತ್ತು ರಾತ್ರಿ ಡ್ಯೂಟಿಗಳು ಉಳಿದವರ ತಲೆಗೆ ಬರುತ್ತವೆ. ಅರ್ಜಿ ಓದುವ ಸಮಿತಿಗಳಲ್ಲಿ ಕುಳಿತು ನಾನು ಕಂಡುಕೊಂಡದ್ದು ಇಷ್ಟು: ಓದುವವರು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುತ್ತಾರೆ. ಈ ವಿದ್ಯಾರ್ಥಿಗೆ ಫ್ಯಾಮಿಲಿ ಡಾಕ್ಟರರ ಕೆಲಸ ದಿನನಿತ್ಯ ಹೇಗಿರುತ್ತದೆಂಬುದು ಗೊತ್ತಿದೆಯೇ? ಗೊತ್ತಿದ್ದೂ ಇದನ್ನೇ ಬಯಸುತ್ತಿದ್ದಾರೆಯೇ? ನಿಮ್ಮ ಎಲೆಕ್ಟಿವ್‌ಗಳು ಈ ಎರಡಕ್ಕೂ ಹೌದೆಂದು ಹೇಳಿದರೆ ಸಾಕು. ಅದಕ್ಕೆ ನನ್ನ ಸಲಹೆ ಸರಳವಾದದ್ದು: ಅರ್ಜಿಯನ್ನು ಅಲಂಕರಿಸುವ ವಿಷಯಗಳನ್ನು ಹುಡುಕಬೇಡಿ, ಕ್ಲಿನಿಕ್‌ನಲ್ಲಿ ನಿಮ್ಮ ಕೈ ಎಲ್ಲಿ ತಡವರಿಸುತ್ತದೆಯೋ ಆ ವಿಷಯಗಳನ್ನು ಆರಿಸಿ. ಈ ಒಂದು ವಿಭಾಗದಲ್ಲಿ ಎರಡೂ ಬಹುಮಟ್ಟಿಗೆ ಒಂದೇ ಆಗಿರುವುದು ನಿಮ್ಮ ಅದೃಷ್ಟ.

ಕೈ ಎಲ್ಲಿ ತಡವರಿಸುತ್ತದೆಂದು ತಿಳಿಯಲು ಒಂದು ಮಧ್ಯಾಹ್ನದ ಕ್ಲಿನಿಕ್ಕನ್ನು ಕಲ್ಪಿಸಿಕೊಳ್ಳಿ. 58 ವರ್ಷದ ಒಬ್ಬ ಟ್ರಕ್ ಚಾಲಕರು ಬಂದಿದ್ದಾರೆ. ಬಂದ ಕಾರಣ ಎಂಬಲ್ಲಿ ಬರೆದಿರುವುದು 'ಮಧುಮೇಹ, ಫಾಲೋ-ಅಪ್' ಎಂದಷ್ಟೆ. ಕುಳಿತ ಮೇಲೆ, ಎರಡು ತಿಂಗಳಿಂದ ಎಡಭುಜ ಎತ್ತಲಾಗುತ್ತಿಲ್ಲ ಎನ್ನುತ್ತಾರೆ. ಭುಜ ನೋಡಲೆಂದು ಅಂಗಿ ತೆಗೆಸಿದಾಗ ಬೆನ್ನಿನ ಮೇಲೆ ಅಂಚು ಹರಿದಂತಿರುವ, ಎರಡು ಬಣ್ಣದ ಮಚ್ಚೆ ಕಾಣುತ್ತದೆ. ಎಲ್ಲ ಮುಗಿದು ನೀವು ಬಾಗಿಲ ಹಿಡಿಕೆಗೆ ಕೈ ಹಾಕಿದಾಗ, ಹೆಂಡತಿ ತೀರಿಕೊಂಡ ಮೇಲೆ ರಾತ್ರಿ ಕುಡಿಯುವುದು ಹೆಚ್ಚಾಗಿದೆ ಎಂಬ ಮಾತು ಹೊರಬರುತ್ತದೆ. ಇದಕ್ಕೆಲ್ಲ ನಿಮಗಿರುವುದು 20 ನಿಮಿಷ.

ಭುಜವನ್ನೇ ತೆಗೆದುಕೊಳ್ಳಿ. ರೋಗಿ ತಾವಾಗಿ ಕೈ ಎತ್ತಲಾರರು, ಆದರೆ ನೀವು ಹಿಡಿದು ಎತ್ತಿದರೆ ಕೈ ಸರಾಗವಾಗಿ ಮೇಲೇರುತ್ತದೆ ಎಂದಾದರೆ ಸ್ನಾಯುರಜ್ಜು ಹರಿದಿರುವ ಸಂಶಯ ಬರುತ್ತದೆ. ನೀವು ಹಿಡಿದು ಹೊರಕ್ಕೆ ತಿರುಗಿಸಲು ಹೋದರೂ ಕೀಲು ಅಲ್ಲೇ ಕಚ್ಚಿಕೊಂಡರೆ ಅದು ಬಹುಪಾಲು ಫ್ರೋಜನ್ ಶೋಲ್ಡರ್, ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆ. ಸ್ಟಿರಾಯ್ಡ್ ಚುಚ್ಚುಮದ್ದು ಕೊಡಬಹುದು, ಆದರೆ ಮುಂದಿನ ಕೆಲವು ದಿನ ಅವರ ಸಕ್ಕರೆ ಏರುತ್ತದೆಂದು ಮೊದಲೇ ಎಚ್ಚರಿಸಬೇಕು. ಇಷ್ಟನ್ನು ಪುಸ್ತಕದಲ್ಲಿ ಓದಿದವರು ಬೇಕಾದಷ್ಟು ಜನ ಇದ್ದಾರೆ. ನೂರು ಭುಜಗಳನ್ನು ಹಿಡಿದು ತಿರುಗಿಸಿದ ಕೈಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮೂರನೆಯ ವರ್ಷದ ಕಡ್ಡಾಯ ರೊಟೇಶನ್‌ಗಳಲ್ಲಿ ಕೀಲುಗಳ ಪರೀಕ್ಷೆಯನ್ನು ಕೂರಿಸಿ ಕಲಿಸುವ ಕಾಲೇಜುಗಳು ಕಡಿಮೆ, ಕ್ಲಿನಿಕ್‌ಗೆ ಬರುವ ರೋಗಿಗಳಲ್ಲಿ ಮಂಡಿ, ಸೊಂಟ, ಭುಜದ ನೋವಿನವರು ಬಹಳ. ಆದ್ದರಿಂದ ನಾಲ್ಕು ವಾರದ ಕ್ರೀಡಾ ವೈದ್ಯಕೀಯ ಎಲೆಕ್ಟಿವ್ ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದೆ. ಮೂಳೆ ಶಸ್ತ್ರಚಿಕಿತ್ಸಕರ ಎಲೆಕ್ಟಿವ್ ಬೇಡವೇ ಎಂದರೆ, ಅಲ್ಲಿ ನಿಮ್ಮ ಹೆಚ್ಚು ಹೊತ್ತು ಆಪರೇಶನ್ ಥಿಯೇಟರಿನಲ್ಲಿ ಕೊಕ್ಕೆ ಹಿಡಿದು ನಿಲ್ಲುವುದರಲ್ಲಿ ಕಳೆಯುತ್ತದೆ. ಕ್ರೀಡಾ ವೈದ್ಯಕೀಯದ ಕ್ಲಿನಿಕ್‌ನಲ್ಲಾದರೆ ಪರೀಕ್ಷೆ, ಚುಚ್ಚುಮದ್ದು, ಅಲ್ಟ್ರಾಸೌಂಡ್ ಮೂರೂ ಒಂದೇ ಕೋಣೆಯಲ್ಲಿ ಸಿಗುತ್ತವೆ. ಅಲ್ಲಿ ಕಲಿಸುವವರಲ್ಲಿ ಅನೇಕರು ಮೂಲತಃ ಫ್ಯಾಮಿಲಿ ಮೆಡಿಸಿನ್‌ನವರೇ ಆಗಿರುವುದರಿಂದ ಅವರ ಶಿಫಾರಸು ಪತ್ರಕ್ಕೂ ತೂಕ ಹೆಚ್ಚು.

ಬೆನ್ನಿನ ಮಚ್ಚೆಯ ವಿಷಯಕ್ಕೆ ಬಂದರೆ, ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಸಂಶಯವಿದ್ದಾಗ ಮೇಲ್ಪದರವನ್ನು ಹೆರೆದು ತೆಗೆಯದೆ, ಚರ್ಮದ ಪೂರ್ಣ ಆಳಕ್ಕೆ ಸಣ್ಣ ಅಂಚಿನೊಡನೆ ಇಡೀ ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸುವುದು ಉತ್ತಮ. ಗಡ್ಡೆಯ ಆಳವೇ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಯಾವುದನ್ನು ನಾವೇ ತೆಗೆಯಬಹುದು, ಯಾವುದನ್ನು ತಡಮಾಡದೆ ತಜ್ಞರಿಗೆ ಕಳುಹಿಸಬೇಕು, ಯಾವುದಕ್ಕೆ ಏನೂ ಮಾಡಬೇಕಾಗಿಲ್ಲ ಎಂಬ ವಿವೇಚನೆ ಬರಲು ಚರ್ಮರೋಗದ ಕ್ಲಿನಿಕ್‌ನಲ್ಲಿ ಎರಡು ವಾರ ಕುಳಿತರೂ ಲಾಭವಿದೆ. ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಪಠ್ಯಪುಸ್ತಕಗಳ ಹೆಚ್ಚಿನ ಚಿತ್ರಗಳು ಬಿಳಿಯ ಚರ್ಮದವು. ನಮ್ಮಂಥವರ ಚರ್ಮದಲ್ಲಿ ಕೆಂಪು ಗುಳ್ಳೆ ಕೆಂಪಾಗಿ ಕಾಣದೆ ಕಂದು ಅಥವಾ ನೇರಳೆಯಾಗಿ ಕಾಣಬಹುದು, ಮೆಲನೋಮಾ ಅಂಗೈ, ಅಂಗಾಲು, ಉಗುರಿನ ಕೆಳಗೆ ಅಡಗಿರಬಹುದು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಎಲ್ಲ ಬಣ್ಣದ ರೋಗಿಗಳೂ ಬರುವ ಸರ್ಕಾರಿ ಅಥವಾ ಕೌಂಟಿ ಆಸ್ಪತ್ರೆಯ ಚರ್ಮರೋಗ ಕ್ಲಿನಿಕ್ಕನ್ನು ಕೇಳಿ ಪಡೆಯಿರಿ.

ಬಾಗಿಲ ಬಳಿ ಬಂದ ಆ ಕೊನೆಯ ಮಾತಿಗಾಗಿ ಮನೋವೈದ್ಯಕೀಯ ಅಥವಾ ವ್ಯಸನ ಚಿಕಿತ್ಸೆಯ ಎಲೆಕ್ಟಿವ್ ಬೇಕು. ಮದ್ಯ ಬಿಡಿಸಲು ನಾಲ್ಟ್ರೆಕ್ಸೋನ್‌ನಂಥ ಔಷಧಗಳಿವೆ, ಅವನ್ನು ಫ್ಯಾಮಿಲಿ ಡಾಕ್ಟರರೇ ಬರೆದುಕೊಡಬಹುದು. ಆದರೂ ಅವುಗಳ ಬಳಕೆ ಎಷ್ಟಿರಬೇಕೋ ಅಷ್ಟಿಲ್ಲ. ಓಪಿಯಾಯ್ಡ್ (ಅಫೀಮು ಬಗೆಯ ಔಷಧ) ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಬರೆಯಲು ಹಿಂದೆ ವಿಶೇಷ ಅನುಮತಿ ಬೇಕಿತ್ತು. 2022ರ ಡಿಸೆಂಬರ್ ಕೊನೆಯಲ್ಲಿ ಬಂದ ಕಾನೂನು ಆ ಅಡ್ಡಿಯನ್ನು ತೆಗೆದುಹಾಕಿತು. ನಿಮ್ಮ ಒಹಾಯೊ ಓಪಿಯಾಯ್ಡ್ ಹಾವಳಿಯಿಂದ ತೀವ್ರವಾಗಿ ನೊಂದ ರಾಜ್ಯಗಳಲ್ಲೊಂದು, ಹಾಗಾಗಿ ಕಲಿಯಲು ಒಳ್ಳೆಯ ಕೇಂದ್ರಗಳು ಅಲ್ಲಿವೆ. ಕಡ್ಡಾಯ ಮನೋವೈದ್ಯಕೀಯ ರೊಟೇಶನ್‌ನಲ್ಲಿ ನೀವು ನೋಡಿದ್ದು ಹೆಚ್ಚಾಗಿ ವಾರ್ಡಿನಲ್ಲಿ ದಾಖಲಾದ ತೀವ್ರ ಮನೋವ್ಯಾಧಿಗಳನ್ನಾಗಿದ್ದರೆ, ಎಲೆಕ್ಟಿವ್‌ನಲ್ಲಿ ಹೊರರೋಗಿ ವಿಭಾಗವನ್ನೇ ಆರಿಸಿ. ಖಿನ್ನತೆ, ಆತಂಕ, ನಿದ್ರಾಹೀನತೆ, ಮಕ್ಕಳ ಗಮನಕೊರತೆ ಇವೇ ಮುಂದೆ ದಿನವೂ ನಿಮ್ಮ ಕೋಣೆಗೆ ಬರುವವು.

ಹೆರಿಗೆಯ ವಿಷಯದಲ್ಲಿ ನೀವು ಈಗಲೇ ಒಂದು ನಿಲುವಿಗೆ ಬರಬೇಕು, ಕಡೆಯ ಪಕ್ಷ ಬರಲು ಪ್ರಯತ್ನಿಸಬೇಕು. ಮುಂದೆ ಸ್ವತಃ ಹೆರಿಗೆ ಮಾಡಿಸುವ ಫ್ಯಾಮಿಲಿ ಡಾಕ್ಟರ್ ಆಗುವ ಆಸೆಯಿದ್ದರೆ ಹೆರಿಗೆ ವಾರ್ಡಿನಲ್ಲಿ, ರಾತ್ರಿ ಪಾಳಿಯೂ ಸೇರಿದಂತೆ, ಒಂದು ತಿಂಗಳು ಕಳೆಯಿರಿ. ಸಂದರ್ಶನಗಳಲ್ಲಿ ಆ ಬಗೆಯ ಕಾರ್ಯಕ್ರಮಗಳು ಇದನ್ನು ಕೇಳಿಯೇ ಕೇಳುತ್ತವೆ. ಆ ಆಸೆಯಿಲ್ಲದಿದ್ದರೆ ಗರ್ಭಿಣಿಯರ ತಪಾಸಣೆ, ಗರ್ಭನಿರೋಧಕ, ಋತುಬಂಧದ ತೊಂದರೆಗಳು ಬರುವ ಹೊರರೋಗಿ ಕ್ಲಿನಿಕ್ ಸಾಕು. ಕಣ್ಣು, ಕಿವಿ-ಮೂಗು-ಗಂಟಲು, ರೇಡಿಯಾಲಜಿ ಇವುಗಳಿಗೆ ಎರಡೆರಡು ವಾರದ ಅವಕಾಶವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆ ಬೇಡ.

ಈಗ ನಿಮ್ಮ ಸಲಹೆಗಾರರು ಹೇಳಿದ ಹೃದ್ರೋಗ ಮತ್ತು ಮೂತ್ರಪಿಂಡ. ಅವು ಉಪಯುಕ್ತವೇ, ಅನುಮಾನವಿಲ್ಲ. ಆದರೆ ದೊಡ್ಡ ಬೋಧನಾ ಆಸ್ಪತ್ರೆಯ ಹೃದ್ರೋಗ ಎಲೆಕ್ಟಿವ್ ಎಂದರೆ ಸಾಮಾನ್ಯವಾಗಿ ಒಳರೋಗಿಗಳ ಕನ್ಸಲ್ಟ್ ಸೇವೆ (ಬೇರೆ ವಿಭಾಗದವರು ಕೇಳಿದಾಗ ಸಲಹೆ ಕೊಡುವುದು). ಅಲ್ಲಿ ಕಾಣುವ ರೋಗಿಗಳಿಗೂ ಮುಂದೆ ನಿಮ್ಮ ಕ್ಲಿನಿಕ್‌ಗೆ ಬರುವ ರಕ್ತದೊತ್ತಡದ ರೋಗಿಗಳಿಗೂ ಅಜಗಜಾಂತರ. ಹೃದ್ರೋಗವನ್ನು ತೆಗೆದುಕೊಳ್ಳುವುದಾದರೆ ಹೊರರೋಗಿ ಕ್ಲಿನಿಕ್ ಇರುವಂಥದ್ದನ್ನು ಕೇಳಿ, ಇಸಿಜಿ ಓದುವುದನ್ನು ಹಟ ಹಿಡಿದು ಕಲಿಯಿರಿ. 'ಭಾರವಾದ' ವಿಷಯಗಳನ್ನೇ ಸಾಲಾಗಿ ಆರಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಹೃದ್ರೋಗ, ಮೂತ್ರಪಿಂಡ, ಐಸಿಯು, ಜಠರ-ಕರುಳು ಎಂದು ನಾಲ್ಕೂ ಒಟ್ಟಿಗೆ ಕಂಡರೆ ಅರ್ಜಿ ಓದುವವರಿಗೆ ಇವರು ಇಂಟರ್ನಲ್ ಮೆಡಿಸಿನ್‌ಗೆ ಹೊರಟವರು, ನಮ್ಮದನ್ನು ಮಗ್ಗುಲಲ್ಲಿ ಇಟ್ಟುಕೊಂಡಿದ್ದಾರೆ ಎನಿಸುವುದು ಸಹಜ. ಆ ಅನಿಸಿಕೆಯನ್ನು ಪರ್ಸನಲ್ ಸ್ಟೇಟ್‌ಮೆಂಟ್‌ನ ಸೊಗಸಾದ ವಾಕ್ಯಗಳಿಂದ ಅಳಿಸುವುದು ಕಷ್ಟ.

ಸಹಪಾಠಿಗಳ ಮಾತು, ಎಲ್ಲವೂ ಫ್ಯಾಮಿಲಿ ಮೆಡಿಸಿನ್ನೇ ಇರಲಿ ಎನ್ನುವುದು, ಅಷ್ಟೇ ಅತಿರೇಕದ್ದು. ಒಂದೇ ಬಗೆಯ ಕ್ಲಿನಿಕ್‌ನಲ್ಲಿ ನಾಲ್ಕು ತಿಂಗಳು ಕುಳಿತರೆ ಎರಡನೆಯ ತಿಂಗಳ ಕೊನೆಗೇ ಹೊಸ ಕಲಿಕೆ ತಗ್ಗುತ್ತದೆ. ರೆಸಿಡೆನ್ಸಿಯ ಮೂರು ವರ್ಷವೂ ನಿಮ್ಮದು ಅದೇ ಕ್ಲಿನಿಕ್. 2023ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪ್ರತಿ ರೆಸಿಡೆಂಟೂ ಅಲ್ಲಿ ಕನಿಷ್ಠ 1,000 ಗಂಟೆ ರೋಗಿಗಳನ್ನು ನೋಡಲೇಬೇಕು. ನನ್ನ ಮಟ್ಟಿಗೆ ಫ್ಯಾಮಿಲಿ ಮೆಡಿಸಿನ್‌ನಲ್ಲೇ ಎರಡು ಎಲೆಕ್ಟಿವ್ ಸಾಕು: ಒಂದು ಸಬ್-ಇಂಟರ್ನ್‌ಶಿಪ್, ಇನ್ನೊಂದು ಬೇರೆ ಊರಿನದೋ ಗ್ರಾಮೀಣ ಪ್ರದೇಶದ್ದೋ. ನಿಮ್ಮ ಕಾಲೇಜಿನಲ್ಲಿ ಫ್ಯಾಮಿಲಿ ಮೆಡಿಸಿನ್ ವಿಭಾಗವೇ ಇಲ್ಲದಿದ್ದರೆ ಮಾತ್ರ ಮೂರನೆಯದನ್ನು ಯೋಚಿಸಬಹುದು. ಅಮೆರಿಕದ ಕೆಲವು ಹೆಸರಾಂತ ಕಾಲೇಜುಗಳಲ್ಲಿ ಇಂದಿಗೂ ಈ ವಿಭಾಗವಿಲ್ಲ. 1969ರಲ್ಲಿ, ಇಪ್ಪತ್ತನೆಯ ವಿಶೇಷ ಶಾಖೆಯಾಗಿ, ಇದಕ್ಕೆ ಮಾನ್ಯತೆ ಸಿಕ್ಕಿ ಅರ್ಧ ಶತಮಾನ ಕಳೆದಿದ್ದರೂ 'ಇಷ್ಟು ಬುದ್ಧಿವಂತೆ, ಅದನ್ನೇಕೆ ಮಾಡುತ್ತೀ' ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ, ಪ್ರಾಯಶಃ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲೂ.

ಸಬ್-ಇಂಟರ್ನ್‌ಶಿಪ್ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಅರ್ಜಿಯ ಅತ್ಯುತ್ತಮ ಪತ್ರ ಬರುವುದು ಅಲ್ಲಿಂದ. ಈ ನಾಲ್ಕು ವಾರಗಳಲ್ಲಿ ನಿಮ್ಮನ್ನು ಇಂಟರ್ನ್ ಎಂಬಂತೆ ನಡೆಸಿಕೊಳ್ಳುತ್ತಾರೆ. ನಿಮ್ಮದೇ ರೋಗಿಗಳು, ನೀವೇ ಬರೆದ ಆರ್ಡರುಗಳು (ಸಹಿ ಮಾತ್ರ ಮೇಲಿನವರದು), ಪಾಳಿ ಬದಲಾಗುವಾಗ ಮುಂದಿನವರಿಗೆ ನೀವೇ ಒಪ್ಪಿಸುವ ಜವಾಬ್ದಾರಿ. ಫ್ಯಾಮಿಲಿ ಮೆಡಿಸಿನ್ ವಿಭಾಗವೇ ನಡೆಸುವ ಒಳರೋಗಿ ಸೇವೆಯಲ್ಲಿ ಅವಕಾಶ ಸಿಕ್ಕರೆ ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ಇಂಟರ್ನಲ್ ಮೆಡಿಸಿನ್ ಅಥವಾ ಮಕ್ಕಳ ವಾರ್ಡು ಆಗಬಹುದು. ಪತ್ರದ ಮಾತಿಗೆ ಬಂದರೆ, 'ವಿದ್ಯಾರ್ಥಿನಿ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಶ್ರಮಜೀವಿ, ತಂಡದೊಡನೆ ಹೊಂದಿಕೊಂಡರು' ಎಂಬಂಥ ಪತ್ರಗಳು ಕಂತೆಗಟ್ಟಲೆ ಬರುತ್ತವೆ, ಅವನ್ನು ಓದಿದ ಮರುಗಳಿಗೆಯಲ್ಲೇ ಮರೆಯುತ್ತೇವೆ. 'ಹೃದಯ ವೈಫಲ್ಯದಿಂದ ಮೂರನೆಯ ಬಾರಿ ದಾಖಲಾದ ರೋಗಿಯೊಬ್ಬರು ಮಾತ್ರೆ ಬಿಟ್ಟದ್ದೇಕೆಂದು ಯಾರೂ ಕೇಳಿರಲಿಲ್ಲ; ಈಕೆ ಕೇಳಿದರು, ಪದೇ ಪದೇ ಮೂತ್ರಕ್ಕೆ ಹೋಗಬೇಕಾದ ಭಯದಿಂದ ಬಸ್ ಪ್ರಯಾಣದ ದಿನ ಅವರು ಮಾತ್ರೆ ನುಂಗುತ್ತಿರಲಿಲ್ಲವೆಂದು ಪತ್ತೆಹಚ್ಚಿ ಮಾತ್ರೆಯ ಹೊತ್ತನ್ನು ಬದಲಿಸಿಕೊಟ್ಟರು' ಎಂಬ ಬಗೆಯ ಪತ್ರ ಬಂದರೆ ಸಮಿತಿಯ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಇಂಥ ಪತ್ರ ಬರೆಯಲು ವೈದ್ಯರು ನಿಮ್ಮನ್ನು ಹತ್ತಿರದಿಂದ ನೋಡಿರಬೇಕು. ಆದ್ದರಿಂದ ದಿನಕ್ಕೊಬ್ಬ ಮೇಲ್ವಿಚಾರಕರು ಬದಲಾಗುವ ಎಲೆಕ್ಟಿವ್‌ಗಿಂತ ಕನಿಷ್ಠ ಎರಡು ವಾರ ಒಬ್ಬರೇ ಇರುವ ಎಲೆಕ್ಟಿವ್ ಮೇಲು. ಸೇರುವ ಮೊದಲೇ ಇದನ್ನು ಸಂಯೋಜಕರಿಗೆ ಫೋನು ಮಾಡಿ ಕೇಳಿಕೊಳ್ಳಿ, ಕೇಳುವುದರಲ್ಲಿ ಸಂಕೋಚವಿಲ್ಲ. ಎರಾಸ್‌ನಲ್ಲಿ (ರೆಸಿಡೆನ್ಸಿ ಅರ್ಜಿಗಳ ಆನ್‌ಲೈನ್ ವ್ಯವಸ್ಥೆ) ಪ್ರತಿ ಕಾರ್ಯಕ್ರಮಕ್ಕೆ ನಾಲ್ಕು ಪತ್ರಗಳವರೆಗೆ ಕಳುಹಿಸಬಹುದು. ಎರಡು ಫ್ಯಾಮಿಲಿ ಮೆಡಿಸಿನ್‌ನವರಿಂದ, ಒಂದು ಒಳರೋಗಿ ಸೇವೆಯಿಂದ, ಇನ್ನೊಂದು ನಿಮ್ಮನ್ನು ಚೆನ್ನಾಗಿ ಬಲ್ಲ ಯಾರಿಂದಲಾದರೂ ಇದ್ದರೆ ಜೋಡಣೆ ಸರಿಯಾಗುತ್ತದೆ.

ಬೇರೆ ಊರಿನ ಎಲೆಕ್ಟಿವ್ ಕುರಿತು ವಿದ್ಯಾರ್ಥಿಗಳಲ್ಲಿ ಅನಗತ್ಯ ಆತಂಕವಿದೆ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ, ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಹೊರಗಿನ ರೊಟೇಶನ್ ಇಲ್ಲದೆ ಅರ್ಜಿ ಹಾಕುವವರು ವಿರಳ. ಫ್ಯಾಮಿಲಿ ಮೆಡಿಸಿನ್‌ನಲ್ಲಿ ಅದು ಕಡ್ಡಾಯವಲ್ಲ, ಇಲ್ಲವೆಂದು ಯಾರೂ ಅಂಕ ಕಡಿಯುವುದಿಲ್ಲ. ವಿಎಸ್‌ಎಲ್‌ಒ (ಬೇರೆ ಕಾಲೇಜುಗಳ ಎಲೆಕ್ಟಿವ್‌ಗೆ ಅರ್ಜಿ ಹಾಕುವ ಜಾಲ) ಮೂಲಕ ಅರ್ಜಿ ಹಾಕಲು, ತಿಂಗಳ ಬಾಡಿಗೆಗೆ, ಓಡಾಟಕ್ಕೆ ಆಗುವ ಖರ್ಚು ಸಣ್ಣದಲ್ಲ, ಸಾಲದಲ್ಲಿ ಓದುತ್ತಿರುವವರು ಇದನ್ನು ಯೋಚಿಸಲೇಬೇಕು. ಎರಡು ಸಂದರ್ಭಗಳಲ್ಲಿ ಮಾತ್ರ ನಾನು ಹೋಗಿ ಎನ್ನುತ್ತೇನೆ. ಒಂದು, ನಿಮಗೆ ಯಾವ ನಂಟೂ ಇಲ್ಲದ ರಾಜ್ಯದಲ್ಲಿ ನೆಲೆಸುವ ಇಚ್ಛೆಯಿದ್ದಾಗ. ಒಹಾಯೊದ ವಿದ್ಯಾರ್ಥಿನಿ ವಾಷಿಂಗ್ಟನ್ ರಾಜ್ಯಕ್ಕೆ ಅರ್ಜಿ ಹಾಕಿದರೆ ಅಲ್ಲಿನವರಿಗೆ ಇವರು ನಿಜಕ್ಕೂ ಬರುತ್ತಾರೆಯೇ ಎಂಬ ಸಂಶಯ ಬರುತ್ತದೆ. ಎರಾಸ್‌ನಲ್ಲಿ ಪ್ರದೇಶದ ಆದ್ಯತೆ ಸೂಚಿಸಲು ಜಾಗವಿದೆ, ಈಚೆಗೆ ಕೆಲವೇ ಕಾರ್ಯಕ್ರಮಗಳಿಗೆ ವಿಶೇಷ ಆಸಕ್ತಿಯ ಸಿಗ್ನಲ್ ಕಳುಹಿಸುವ ಪದ್ಧತಿಯೂ ಬಂದಿದೆ. ಆದರೆ ನಾಲ್ಕು ವಾರ ಅಲ್ಲಿದ್ದು ಕೆಲಸ ಮಾಡಿದ್ದಕ್ಕೆ ಇವೆರಡೂ ಸಾಟಿಯಲ್ಲ. ಇನ್ನೊಂದು, ಗ್ರಾಮೀಣ ವೃತ್ತಿಯ ಆಲೋಚನೆಯಿದ್ದಾಗ. ಮೊದಲ ವರ್ಷ ಪಟ್ಟಣದ ಆಸ್ಪತ್ರೆಯಲ್ಲಿ, ಉಳಿದೆರಡು ವರ್ಷ ಹಳ್ಳಿಗಾಡಿನಲ್ಲಿ ತರಬೇತಿ ಕೊಡುವ ಕಾರ್ಯಕ್ರಮಗಳಿವೆ. 25 ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲಿ ಒಬ್ಬರೇ ವೈದ್ಯರು ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕ್ಲಿನಿಕ್, ರಾತ್ರಿ ತುರ್ತು ವಿಭಾಗ ನೋಡುವುದನ್ನು ಕಣ್ಣಾರೆ ಕಾಣದೆ ಆ ಬದುಕು ನಿಮಗೆ ಒಗ್ಗುತ್ತದೆಯೇ ಎಂದು ಹೇಳಲಾಗದು. ಹೊರಗಿನ ಎಲೆಕ್ಟಿವ್ ತಿಂಗಳುದ್ದದ ಸಂದರ್ಶನವೂ ಹೌದೆಂಬುದನ್ನು ಮರೆಯಬೇಡಿ. ಕಾಯಿಲೆಯ ಮನೆಮಂದಿಯನ್ನು ನೋಡಿಕೊಳ್ಳುವ ತಿಂಗಳೋ ಪರೀಕ್ಷೆಗೆ ಓದುವ ತಿಂಗಳೋ ಆಗಿದ್ದರೆ ಹೋಗದಿರುವುದೇ ಲೇಸು.

ಯಾವ ಎಲೆಕ್ಟಿವ್ ಎಂಬುದಕ್ಕಿಂತ ಯಾವ ತಿಂಗಳು ಎಂಬುದು ಕೆಲವೊಮ್ಮೆ ಹೆಚ್ಚು ಮುಖ್ಯವಾಗುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕಾರ್ಯಕ್ರಮಗಳು ಅರ್ಜಿ ಓದಲು ಶುರುಮಾಡುತ್ತವೆ, ಆಮೇಲೆ ಬರುವ ಗ್ರೇಡುಗಳನ್ನು ನೋಡುವವರು ಕಡಿಮೆ. ಆದ್ದರಿಂದ ಅರ್ಜಿಗೆ ಬೇಕಾದದ್ದೆಲ್ಲ ಆಗಸ್ಟ್ ಒಳಗೆ ಮುಗಿಯಬೇಕು, ಕಲಿಕೆಗೆ ಬೇಕಾದದ್ದನ್ನು ಜನವರಿಯ ನಂತರಕ್ಕೆ ಇಟ್ಟುಕೊಳ್ಳಬಹುದು. ವೈದ್ಯರ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕಗಳಿಲ್ಲ, ಪಾಸು ಅಥವಾ ಫೇಲು ಮಾತ್ರ. ಹಾಗಾಗಿ ಎರಡನೆಯ ಹಂತವಾದ ಸ್ಟೆಪ್ 2 ಸಿಕೆ (ಕ್ಲಿನಿಕಲ್ ಜ್ಞಾನದ ಪರೀಕ್ಷೆ) ಅಂಕವೇ ಈಗ ಎದ್ದುಕಾಣುವ ಸಂಖ್ಯೆ, ಅದೂ ಬೇಸಿಗೆಯಲ್ಲೇ ಮುಗಿದಿರಬೇಕು. ನಾನು ನಿಮ್ಮ ಜಾಗದಲ್ಲಿದ್ದರೆ ಕಡ್ಡಾಯ ರೊಟೇಶನ್‌ಗಳು ಮುಗಿದೊಡನೆ, ಓದಿದ್ದು ಹಸಿಯಾಗಿರುವಾಗಲೇ, ಒಂದು ತಿಂಗಳು ಸ್ಟೆಪ್ 2ಕ್ಕೆ ಕೊಡುತ್ತಿದ್ದೆ. ಜೂನ್ ಅಥವಾ ಜುಲೈನಲ್ಲಿ ಫ್ಯಾಮಿಲಿ ಮೆಡಿಸಿನ್ ಸಬ್-ಇಂಟರ್ನ್‌ಶಿಪ್, ಅದರ ಬೆನ್ನಿಗೆ ಕ್ರೀಡಾ ವೈದ್ಯಕೀಯ, ಆಗಸ್ಟ್‌ನಲ್ಲಿ ಹೊರಗಿನದ್ದೋ ಗ್ರಾಮೀಣದ್ದೋ. ಜುಲೈ ಕೊನೆ, ಆಗಸ್ಟ್ ಆರಂಭದ ಹೊತ್ತಿಗೆ ಮಿಸೌರಿಯ ಕಾನ್ಸಸ್ ಸಿಟಿಯಲ್ಲಿ ಅಮೆರಿಕದ ಫ್ಯಾಮಿಲಿ ಡಾಕ್ಟರರ ಅಕಾಡೆಮಿ ವಿದ್ಯಾರ್ಥಿಗಳಿಗೂ ರೆಸಿಡೆಂಟರಿಗೂ ನಡೆಸುವ ಸಮ್ಮೇಳನಕ್ಕೆ ಎರಡು ಮೂರು ದಿನ ಬಿಡುವು ಸಿಗುವಂತೆ ನೋಡಿಕೊಳ್ಳಿ. ನೂರಾರು ಕಾರ್ಯಕ್ರಮಗಳವರು ಒಂದೇ ಸಭಾಂಗಣದಲ್ಲಿ ಸಿಗುತ್ತಾರೆ, ಹೆರಿಗೆ ಕಲಿಸುತ್ತೀರಾ, ರಾತ್ರಿ ಪಾಳಿ ಹೇಗೆ ಎಂದು ನೇರವಾಗಿ ಕೇಳಬಹುದು. ಅಕ್ಟೋಬರ್‌ನಿಂದ ಜನವರಿವರೆಗೆ ಸಂದರ್ಶನಗಳ ಕಾಲ. ಆಗ ಐಸಿಯು ಹಾಕಿಕೊಂಡರೆ ರಜೆ ಕೇಳುವುದೇ ಒಂದು ಕೆಲಸವಾಗುತ್ತದೆ, ಚರ್ಮರೋಗ, ರೇಡಿಯಾಲಜಿ, ಕಣ್ಣು ಇವೇ ಆಗ ಅನುಕೂಲ. ಮಾರ್ಚ್ ಆರಂಭದ ಹೊತ್ತಿಗೆ ರ‍್ಯಾಂಕ್ ಪಟ್ಟಿ (ಕಾರ್ಯಕ್ರಮಗಳ ನಿಮ್ಮ ಆದ್ಯತೆಯ ಕ್ರಮ) ಸಲ್ಲಿಸಿದ ಮೇಲೆ ಮೈಮೇಲೆ ಭಾರವಿರುವುದಿಲ್ಲ. ಎಲ್ಲರೂ ಪ್ರವಾಸ ಹೊರಡುವ ಆ ಹೊತ್ತಿನಲ್ಲಿ ಒಂದು ತಿಂಗಳನ್ನಾದರೂ ಐಸಿಯುಗೋ ತುರ್ತು ವಿಭಾಗಕ್ಕೋ ಕೊಟ್ಟರೆ, ಜುಲೈ 1ರ ಆಸುಪಾಸಿನಲ್ಲಿ ಮೊದಲ ರಾತ್ರಿ ಪಾಳಿಗೆ ನಿಂತಾಗ ಅದರ ಬೆಲೆ ತಿಳಿಯುತ್ತದೆ. ಸಲಹೆಗಾರರು ಹೇಳಿದ ಐಸಿಯುವನ್ನು ನಾನೂ ಒಪ್ಪುತ್ತೇನೆ, ಅದರ ಸ್ಥಾನ ಮಾತ್ರ ಕೊನೆಯಲ್ಲಿ.

ಇಲ್ಲಿ ಒಂದು ಭಿನ್ನಾಭಿಪ್ರಾಯವನ್ನೂ ಹೇಳಿಬಿಡುವುದು ನ್ಯಾಯ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು, ರೆಸಿಡೆನ್ಸಿಯಲ್ಲೇ ಎಲೆಕ್ಟಿವ್‌ಗಳಿಗೆ ಆರು ತಿಂಗಳು ಮೀಸಲಿರುವಾಗ ಕ್ರೀಡಾ ವೈದ್ಯಕೀಯ, ಚರ್ಮರೋಗ ಎಲ್ಲವನ್ನೂ ಅಲ್ಲಿಯೇ ಕಲಿಯಬಹುದು, ನಾಲ್ಕನೆಯ ವರ್ಷದಲ್ಲಿ ಮುಂದೆಂದೂ ಸಿಗದ ವಿಷಯಗಳನ್ನು ನೋಡಬೇಕು ಎನ್ನುತ್ತಾರೆ: ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅರಿವಳಿಕೆ, ಶವಪರೀಕ್ಷೆ, ಅಂಗಾಂಗ ಕಸಿ. ವಾದದಲ್ಲಿ ಹುರುಳಿದೆ. ಅರಿವಳಿಕೆಯ ಎರಡು ವಾರದಲ್ಲಿ ಉಸಿರುದಾರಿ ಕಾಯುವ ಕೈಚಳಕ ಸಿಗುತ್ತದೆಂಬುದು ನಿಜ, ಗ್ರಾಮೀಣ ವೃತ್ತಿಗೆ ಹೋಗುವವರಿಗೆ ಅದು ಬೇಕೇ ಬೇಕು. ಆದರೂ ಮೊದಲ ವರ್ಷದ ರೆಸಿಡೆಂಟರು ಮಂಡಿಯ ಮುಂದೆ, ಮಚ್ಚೆಯ ಮುಂದೆ ಸುಮ್ಮನೆ ನಿಲ್ಲುವುದನ್ನು ನೋಡಿದ ಮೇಲೆ ನನ್ನ ಒಲವು ಮೂಲಭೂತ ವಿಷಯಗಳ ಕಡೆಗೇ. ವಿಚಿತ್ರವಾದದ್ದಕ್ಕೆ ಒಂದು ತಿಂಗಳು ಸಾಕು, ಅದನ್ನು ಮನಸಾರೆ ಆರಿಸಿಕೊಳ್ಳಿ, ಯಾರಿಗೂ ಸಮರ್ಥನೆ ಕೊಡಬೇಕಾಗಿಲ್ಲ.

ಸರ್ಜರಿಯ ಸಾಧಾರಣ ಗ್ರೇಡಿಗಾಗಿ ಇನ್ನೊಂದು ಸರ್ಜರಿ ಎಲೆಕ್ಟಿವ್ ಬೇಡ. ಒಂದು ರೊಟೇಶನ್‌ನ ಗ್ರೇಡನ್ನು ನಾವು ಅಷ್ಟಾಗಿ ಲೆಕ್ಕಿಸುವುದಿಲ್ಲ. ಗ್ರೇಡಿನ ಪಕ್ಕದಲ್ಲಿ ಬರೆದಿರುವ ಟಿಪ್ಪಣಿಯಲ್ಲಿ ನಡತೆಯ ಕುರಿತು ಏನಾದರೂ ದೂರಿದೆಯೇ ಎಂದು ಮಾತ್ರ ನೋಡುತ್ತೇವೆ. ಡೀನ್ ಪತ್ರದ (ವಿದ್ಯಾರ್ಥಿಯ ಸಾಧನೆಯ ಕುರಿತು ಕಾಲೇಜು ಕಳುಹಿಸುವ ಪತ್ರ) ಕರಡನ್ನು ತೋರಿಸುವ ಕಾಲೇಜಾದರೆ ಆ ಟಿಪ್ಪಣಿಯನ್ನು ಈಗಲೇ ಓದಿಕೊಳ್ಳಿ. ಅಂಥ ದೂರು ಇದ್ದರೆ ಅದಕ್ಕೆ ಉತ್ತರ ಕೊಡುವುದು ಸಬ್-ಇಂಟರ್ನ್‌ಶಿಪ್‌ನ ಪತ್ರ. ಗಾಯ ಹೊಲಿಯುವುದು, ಕೀವು ತೆಗೆಯುವುದು ಬರಬೇಕೆಂದಿದ್ದರೆ ತುರ್ತು ವಿಭಾಗದ ಎಲೆಕ್ಟಿವ್‌ನಲ್ಲಿ ಆ ಕೆಲಸ ಥಿಯೇಟರಿಗಿಂತ ಹೆಚ್ಚಾಗಿ ನಿಮ್ಮ ಕೈಗೆ ಬರುತ್ತದೆ.

ಇನ್ನು ನಿಮ್ಮ ಚಿಕ್ಕಪ್ಪನ ಮಗನ ವಿಷಯ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಅವನಿಗೆ ಹೊಂದುವುದಿಲ್ಲ, ಅವನ ಲೆಕ್ಕವೇ ಬೇರೆ. ಭಾರತದ ಈಗಿನ ಪಠ್ಯಕ್ರಮದಲ್ಲೂ ಎಲೆಕ್ಟಿವ್‌ಗಳು ಬಂದಿವೆ, ಆದರೆ ಅವಧಿ ಕಡಿಮೆ, ನಡೆಯುವುದೂ ಬಹುಮಟ್ಟಿಗೆ ಅಲ್ಲಿಯ ಆಸ್ಪತ್ರೆಗಳಲ್ಲೇ. ಇಲ್ಲಿನ ಕಾರ್ಯಕ್ರಮಗಳು ವಿದೇಶದಲ್ಲಿ ಓದಿದವರಿಂದ ಬಯಸುವುದು ಅಮೆರಿಕದ ರೋಗಿಗಳೊಡನೆ ಕೆಲಸ ಮಾಡಿದ ಅನುಭವ, ಮತ್ತು ಅದನ್ನು ಕಂಡವರ ಪತ್ರ. ಅವನು ಇನ್ನೂ ವಿದ್ಯಾರ್ಥಿಯಾಗಿರುವುದೇ ಅವನ ದೊಡ್ಡ ಆಸ್ತಿ. ವಿದ್ಯಾರ್ಥಿಯಾಗಿದ್ದಾಗ ಬಂದರೆ ರೋಗಿಯನ್ನು ಮುಟ್ಟಿ ಪರೀಕ್ಷಿಸುವ ಎಲೆಕ್ಟಿವ್ ಸಿಗುತ್ತದೆ. ಪದವಿ ಕೈಗೆ ಬಂದ ಮೇಲೆ ಸಾಮಾನ್ಯವಾಗಿ ಉಳಿಯುವುದು ಗೋಡೆಗೊರಗಿ ನಿಂತು ನೋಡುವ ಅಬ್ಸರ್ವರ್‌ಶಿಪ್, ಅದರ ಪತ್ರಕ್ಕೆ ತೂಕ ಕಡಿಮೆ. ಆದ್ದರಿಂದ ಅಂತಿಮ ವರ್ಷದ ಪರೀಕ್ಷೆಗೆ ಬಹಳ ಮೊದಲೇ ಅವನು ಮೂರು ವಿಷಯ ವಿಚಾರಿಸಬೇಕು: ಅವನ ಕಾಲೇಜು ವಿಎಸ್‌ಎಲ್‌ಒ ಜಾಲದಲ್ಲಿದೆಯೇ, ಇಲ್ಲದಿದ್ದರೆ ನೇರವಾಗಿ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಇಲ್ಲಿನ ಕಾಲೇಜುಗಳು ಯಾವುವು, ಅವು ಸ್ಟೆಪ್ 1 ಪಾಸಾಗಿರಬೇಕೆಂದು ಕೇಳುತ್ತವೆಯೇ. ಇಂಥ ಎಲೆಕ್ಟಿವ್‌ಗೆ ಬರುವವರು ಸಾಮಾನ್ಯವಾಗಿ ಪಡೆಯುವುದು ಬಿ-1 ವೀಸಾ. ಪ್ರವಾಸಿ ವೀಸಾದಲ್ಲಿ ಬಂದು ರೋಗಿಗಳನ್ನು ಮುಟ್ಟುವ ಸಾಹಸಕ್ಕೆ ಇಳಿಯಬಾರದು. ಹಣ ಕೊಟ್ಟರೆ ಕ್ಲಿನಿಕ್ ಅನುಭವ ಕೊಡಿಸುತ್ತೇವೆನ್ನುವ ಮಧ್ಯವರ್ತಿಗಳ ಬಗ್ಗೆಯೂ ಎಚ್ಚರವಿರಲಿ. ರೆಸಿಡೆಂಟರೇ ಇಲ್ಲದ ಖಾಸಗಿ ಕ್ಲಿನಿಕ್‌ನಲ್ಲಿ ಕಳೆದ ತಿಂಗಳನ್ನು ಸಮಿತಿಗಳು ಬೋಧನಾ ಆಸ್ಪತ್ರೆಯ ಎಲೆಕ್ಟಿವ್‌ಗೆ ಸಮವೆಂದು ನೋಡುವುದಿಲ್ಲ.

ಅವನಿಗೆ ಎರಡೇ ತಿಂಗಳ ಅವಕಾಶ ಸಿಕ್ಕಿತೆಂದರೆ, ಒಂದು ರೆಸಿಡೆನ್ಸಿ ಇರುವ ಫ್ಯಾಮಿಲಿ ಮೆಡಿಸಿನ್ ಕ್ಲಿನಿಕ್‌ನಲ್ಲಿ, ಇನ್ನೊಂದು ಒಳರೋಗಿ ಸೇವೆಯಲ್ಲಿ. ಕ್ರೀಡಾ ವೈದ್ಯಕೀಯ, ಚರ್ಮರೋಗದಂಥ ಆಯ್ಕೆಗಳು ಅವನಿಗೆ ಐಷಾರಾಮ. ಅದರ ಬದಲು ಹುಬ್ಬಳ್ಳಿಯಲ್ಲೇ ಅವನ ಬಳಿ ಇರುವುದನ್ನು ಅವನು ಕಡೆಗಣಿಸಬಾರದು. ಇಂಟರ್ನ್‌ಶಿಪ್‌ನ ಒಂದು ವರ್ಷದಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರ ಇರುತ್ತದೆ. ಹೆಚ್ಚಿನವರು ಆ ಹೊತ್ತನ್ನು ಪಿಜಿ ಪ್ರವೇಶ ಪರೀಕ್ಷೆಯ ಓದಿಗೆ ಬಳಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಜವಾಗಿ ಕುಳಿತು, ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗಿ, ಬಾಣಂತಿಯನ್ನೂ ಅವಳ ಅತ್ತೆಯ ರಕ್ತದೊತ್ತಡವನ್ನೂ ಒಂದೇ ಭೇಟಿಯಲ್ಲಿ ನೋಡಿದವನಿಗೆ ಫ್ಯಾಮಿಲಿ ಮೆಡಿಸಿನ್ ಏಕೆ ಎಂಬ ಸಂದರ್ಶನದ ಪ್ರಶ್ನೆಗೆ ಬಾಯಿಪಾಠದ ಉತ್ತರ ಬೇಕಾಗುವುದಿಲ್ಲ. ವೀಸಾ ವಿಷಯದಲ್ಲಿ, ಜೆ-1 (ತರಬೇತಿಗೆ ಬರುವವರ ವಿನಿಮಯ ವೀಸಾ) ಪಡೆದರೆ ತರಬೇತಿಯ ಬಳಿಕ ಎರಡು ವರ್ಷ ಸ್ವದೇಶಕ್ಕೆ ಮರಳುವ ಷರತ್ತಿದೆ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಅದರಿಂದ ವಿನಾಯಿತಿ ಪಡೆಯುವ ದಾರಿಯೂ ಇದೆ, ಫ್ಯಾಮಿಲಿ ಡಾಕ್ಟರರಿಗೆ ಅಂಥ ಕೆಲಸ ಉಳಿದ ತಜ್ಞರಿಗಿಂತ ಸುಲಭವಾಗಿ ಸಿಗುತ್ತದೆ. ಎಚ್-1ಬಿ ಮೂಲಕ ರೆಸಿಡೆನ್ಸಿಗೆ ಬರಬೇಕೆಂದಿದ್ದರೆ ಸ್ಟೆಪ್ 3 ಮೊದಲೇ ಮುಗಿದಿರಬೇಕು. ಪದವಿ ಪಡೆದು ಹೆಚ್ಚು ವರ್ಷಗಳಾದ ಅರ್ಜಿಗಳನ್ನು ಅನೇಕ ಕಾರ್ಯಕ್ರಮಗಳು ತೆರೆದೂ ನೋಡುವುದಿಲ್ಲವಾದ್ದರಿಂದ, ಇಂಟರ್ನ್‌ಶಿಪ್ ಮುಗಿಸುವ ತಿಂಗಳನ್ನೂ ಸೆಪ್ಟೆಂಬರ್‌ನ ಅರ್ಜಿಯ ಗಡುವನ್ನೂ ಅವನು ಈಗಲೇ ಒಂದೇ ಹಾಳೆಯ ಮೇಲೆ ಬರೆದಿಟ್ಟುಕೊಂಡು ಎಲೆಕ್ಟಿವ್‌ನ ಕಾಲವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬರಲಿ.